ಬೆಂಕಿಗೊಂದು ಅಳತೆ, ವಿಷಕ್ಕೊಂದು ಅಳತೆ

ನಾನು ಕೆಲಸ ಮಾಡುವ ಪ್ರಾಜೆಕ್ಟು ಕೆಮಿಕಲ್ ಕಂಪನಿಗಳಿಗೆ ಲೇಬಲ್ ತಯಾರಿಸಿಕೊಡುವ ಸಾಫ್ಟ್‌ವೇರ್. ಡ್ರಮ್ಮಿನ ಮೇಲೆ, ಟ್ಯಾಂಕರಿನ ಹಿಂದೆ ಯಾವ ಚಿತ್ರ ಬರಬೇಕು ಅನ್ನೋದನ್ನ ಅದು ಲೆಕ್ಕ ಹಾಕಿ ಹೇಳ್ತದೆ. ಆ ಕೋಡಿನಲ್ಲಿ ಒಂದು ಸಾಲಿದೆ: ದ್ರವದ ಫ್ಲ್ಯಾಶ್ ಪಾಯಿಂಟ್ 23 ಡಿಗ್ರಿಗಿಂತ ಕಡಿಮೆಯಿದ್ದು, ಕುದಿಯುವ ಬಿಂದು 35ಕ್ಕಿಂತ ಹೆಚ್ಚಿದ್ದರೆ ಅದು ಉರಿಯುವ ದ್ರವಗಳಲ್ಲಿ ಎರಡನೇ ದರ್ಜೆ. 23ರಿಂದ 60ರವರೆಗೆ ಮೂರನೇ ದರ್ಜೆ. ಯಾಕೆ 23? 20 ಯಾಕಲ್ಲ, 25 ಯಾಕಲ್ಲ? ಕೋಡಿನಲ್ಲಿ ಕಾಮೆಂಟ್ ಇಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಮ್ಯಾಜಿಕ್ ನಂಬರ್ ಅಂತೀವಿ. ಯಾರೋ ಯಾವತ್ತೋ ಬರೆದಿಟ್ಟದ್ದು, ಮುಟ್ಟೋಕೆ ಎಲ್ಲರಿಗೂ ಹೆದರಿಕೆ.

ಈ ಸಂಖ್ಯೆಯ ಬೆನ್ನು ಹತ್ತಿದರೆ ನೂರೈವತ್ತು ವರ್ಷದ ಹಿಂದಿನ ಲಂಡನ್ನಿಗೆ ಹೋಗಿ ನಿಲ್ತೀವಿ.

ಆಗ ಮನೆಮನೆಗೆ ಸೀಮೆಎಣ್ಣೆ ದೀಪ ಬರುತ್ತಿದ್ದ ಕಾಲ. ನಮ್ಮ ಕಡೆ ಇದನ್ನು ಚಿಮಣಿ ಎಣ್ಣಿ ಅಂತಾರೆ. ಎಣ್ಣೆ ಭಟ್ಟಿ ಇಳಿಸುವಾಗ ಮೊದಲು ಬರುವ ಹಗುರ ನಾಫ್ತಾಕ್ಕೆ ಆಗ ಗಿರಾಕಿಯೇ ಇರಲಿಲ್ಲ. ಪೆಟ್ರೋಲ್ ಗಾಡಿಗಳಿನ್ನೂ ಹುಟ್ಟಿರಲಿಲ್ಲ. ಆಸೆಬುರುಕ ವ್ಯಾಪಾರಿಗಳು ಅದನ್ನೇ ಚಿಮಣಿ ಎಣ್ಣೆಗೆ ಬೆರೆಸಿ ಮಾರುತ್ತಿದ್ದರು, ದೀಪಗಳು ಸಿಡಿಯುತ್ತಿದ್ದವು. ಬ್ರಿಟಿಷ್ ಸರ್ಕಾರ 1860ರ ದಶಕದಲ್ಲಿ ಕಾನೂನು ತಂದಿತು: ಎಣ್ಣೆಯನ್ನು ತೆರೆದ ಬಟ್ಟಲಲ್ಲಿ ಬಿಸಿ ಮಾಡಿ, ಮೇಲೆ ಕಿಡಿ ಹಿಡಿದಾಗ ಆವಿ ಭಗ್ಗೆನ್ನುವ ತಾಪ 100 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ ಅದು ಅಪಾಯಕಾರಿ. ಆದರೆ ತೆರೆದ ಬಟ್ಟಲಿನ ಆವಿ ಗಾಳಿ ಬೀಸಿದ ಕಡೆ ಹೋಗ್ತದೆ. ಪರೀಕ್ಷೆ ಮಾಡುವವನು ಬದಲಾದರೆ ಉತ್ತರವೂ ಬದಲು. ಆಗ ಸಿಡಿಮದ್ದಿನ ತಜ್ಞ ಫ್ರೆಡರಿಕ್ ಏಬೆಲ್ ಮುಚ್ಚಳವಿರುವ ಬಟ್ಟಲೊಂದನ್ನು ರೂಪಿಸಿದ. ಮುಚ್ಚಿದ ಬಟ್ಟಲಲ್ಲಿ ಆವಿ ಒಳಗೇ ಕೂಡಿಕೊಳ್ಳುವುದರಿಂದ ಅದೇ ಎಣ್ಣೆ ಇನ್ನೂ ಕಡಿಮೆ ತಾಪಕ್ಕೇ ಭಗ್ಗೆನ್ನುತ್ತದೆ. ಹಳೆಯ 100ಕ್ಕೆ ಸಮ ಅಂತ 73ನ್ನು ಹಿಡಿದು, 1879ರಲ್ಲಿ ಅದನ್ನೇ ಕಾನೂನಿನಲ್ಲಿ ಬರೆದರು. 73 ಫ್ಯಾರನ್‌ಹೀಟ್ ಅಂದರೆ 22.8 ಸೆಲ್ಸಿಯಸ್. ನನ್ನ ಕೋಡಿನ 23ರ ಪಕ್ಕದ ಮನೆ.

ಬ್ರಿಟಿಷ್ ಇಂಡಿಯಾದ 1899ರ ಪೆಟ್ರೋಲಿಯಂ ಕಾಯ್ದೆ ಗೆರೆಯನ್ನು 76 ಫ್ಯಾರನ್‌ಹೀಟ್‌ಗೆ ಎಳೆಯಿತು, ಅಂದರೆ 24.4 ಸೆಲ್ಸಿಯಸ್. (ಕೊಪ್ಪಳ ಆಗ ನಿಜಾಮರ ಸೀಮೆ, ಭದ್ರಾವತಿ ಮೈಸೂರು ಸಂಸ್ಥಾನ. ಹಾಗಾಗಿ ಈ ಕಾಯ್ದೆ ನೇರವಾಗಿ ಎರಡೂ ಕಡೆ ಓಡುತ್ತಿರಲಿಲ್ಲ.) ಸ್ವಾತಂತ್ರ್ಯ ಬಂದ ಮೇಲೆ ತಿದ್ದುಪಡಿಯಾಗಿ ಎ, ಬಿ, ಸಿ ಅಂತ ಮೂರು ವರ್ಗಗಳಾದಾಗ ಮೊದಲ ಗೆರೆ 23 ಸೆಲ್ಸಿಯಸ್‌ಗೆ ಬಂದು ಕೂತಿತು. ಲಂಡನ್ನಿನಲ್ಲಿ 23 ಡಿಗ್ರಿ ಅಂದರೆ ಬೇಸಿಗೆಯ ಒಳ್ಳೆಯ ದಿನ. ಗಿಣಿಗೇರಾದಲ್ಲಿ ವರ್ಷದ ಹೆಚ್ಚಿನ ಮಧ್ಯಾಹ್ನಗಳು ಅದನ್ನು ದಾಟಿರ್ತಾವೆ, ಏಪ್ರಿಲ್-ಮೇನಲ್ಲಿ 40ರ ಆಸುಪಾಸು. ನಮ್ಮ ಡೀಸೆಲ್‌ಗೆ ಮಾನಕ ಕೇಳುವ ಕನಿಷ್ಠ ಫ್ಲ್ಯಾಶ್ ಪಾಯಿಂಟ್ 35. ಯುರೋಪಿನಲ್ಲಿ ಅದು 55. ‘ಡೀಸೆಲ್‌ಗೆ ಹಂಗೆಲ್ಲ ಬೆಂಕಿ ಹತ್ತಲ್ಲ ಬಿಡ್ರಿ’ ಅನ್ನೋ ಮಾತು ನಮ್ಮೂರ ಗ್ಯಾರೇಜುಗಳಲ್ಲಿ ಈಗಲೂ ಚಾಲ್ತಿಯಲ್ಲಿದೆ. ಮಾನಕದ ಅಂಚಿನಲ್ಲಿರುವ ಡೀಸೆಲ್ ಮೇ ತಿಂಗಳ ಬಿಸಿಲಲ್ಲಿ ನಿಂತಿದ್ದರೆ ಆ ಮಾತು ಎಷ್ಟು ನಿಜ ಅಂತ ಲೆಕ್ಕ ಹಾಕಿ.

ಇಷ್ಟಾದರೂ ಬೆಂಕಿಯ ಲೆಕ್ಕ ಸಲೀಸು ಅಂತಲೇ ನನಗನ್ನಿಸೋದು. ಒಂದು ಬಟ್ಟಲು, ಒಂದು ಥರ್ಮಾಮೀಟರ್, ಒಂದು ಕಿಡಿ. ಯಾರೂ ಸಾಯಬೇಕಾಗಿಲ್ಲ. ವಿಷದ ಲೆಕ್ಕ ಹಾಗಲ್ಲ.

ಹೋದ ವರ್ಷ ಊರಿಗೆ ಹೋದಾಗ, ಗಿಣಿಗೇರಾ ದಾಟಿ ಹೊಸಪೇಟೆ ಕಡೆ ಹೋಗುವ ಹೈವೇ ಪಕ್ಕದ ಧಾಬಾದಲ್ಲಿ ಒಂದು ಟ್ಯಾಂಕರ್ ನಿಂತಿತ್ತು. ಹಿಂದೆ 1230 ಅಂತ ನಂಬರು, ಪಕ್ಕದಲ್ಲಿ ಮೂಲೆ ಮೇಲಾಗಿ ನಿಂತ ಎರಡು ಚೌಕ. ಒಂದು ಕೆಂಪು, ಅದರೊಳಗೆ ಜ್ವಾಲೆ. ಇನ್ನೊಂದು ಬಿಳಿ, ಅದರೊಳಗೆ ತಲೆಬುರುಡೆ. ದಿನಾ ಸ್ಕ್ರೀನ್ ಮೇಲೆ ನೋಡೋದನ್ನ ರಸ್ತೆ ಮೇಲೆ ನೋಡಿ ಖುಷಿಯಾಯ್ತು. ಡ್ರೈವರ್ ಚಾ ಕುಡೀತಿದ್ದ.

‘ಅಣ್ಣಾ, ಮೆಥನಾಲ್ ಏನು?’

‘ಹೌದ್ರೀ ಸರ. ನಿಮಗ ಹೆಂಗ ಗೊತ್ತಾತು?’

‘ಚೌಕ ನೋಡಿದೆ. ಎರಡ್ಯಾಕ ಹಚ್ಚ್ಯಾರ ಅದಕ್ಕ?’

‘ಕೆಂಪಂದು ಬೀಡಿ ಹಚ್ಚಬ್ಯಾಡ ಅಂತ. ತಲಿಬುರುಡಿ ಕುಡಿಬ್ಯಾಡ ಅಂತ. ಇಷ್ಟ ರೀ.’

ಇಡೀ ವರ್ಗೀಕರಣ ಶಾಸ್ತ್ರವನ್ನು ಎರಡು ವಾಕ್ಯದಲ್ಲಿ ಮುಗಿಸಿಬಿಟ್ಟ. ಭೌತಿಕ ಅಪಾಯ ಒಂದು, ಆರೋಗ್ಯದ ಅಪಾಯ ಇನ್ನೊಂದು. ಮೆಥನಾಲಿನ ಫ್ಲ್ಯಾಶ್ ಪಾಯಿಂಟ್ ಸುಮಾರು 11 ಡಿಗ್ರಿ, ಕುದಿಯೋದು 65ಕ್ಕೆ. ಎರಡನೇ ದರ್ಜೆ, ಅನುಮಾನವೇ ಇಲ್ಲ. ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣೋದೂ ಕಷ್ಟ. ಆದರೆ ಆ ತಲೆಬುರುಡೆ ಅಲ್ಲಿಗೆ ಬಂದ ಕಥೆ ಬೇರೆ, ಅದರಲ್ಲಿ ಕರ್ನಾಟಕದ ಪಾಲೂ ಇದೆ.

ಮೆಥನಾಲಿನ ಹಳೆಯ ಹೆಸರು ಮರದ ಸ್ಪಿರಿಟ್ಟು. ಕಟ್ಟಿಗೆಯನ್ನು ಗಾಳಿ ಸೇರದಂತೆ ಮುಚ್ಚಿದ ಕೊಳಗದಲ್ಲಿ ಕಾಯಿಸಿದರೆ ಇದ್ದಿಲು ಉಳಿಯುತ್ತದೆ, ಹೊಗೆಯನ್ನು ತಣಿಸಿದರೆ ಡಾಂಬರು, ಅಸಿಟಿಕ್ ಆಮ್ಲ, ಜೊತೆಗೆ ಮೆಥನಾಲ್ ಸಿಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಕಬ್ಬಿಣದ ಅದಿರಿತ್ತು, ಕಾಡಿತ್ತು, ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುವ ಕಾರ್ಖಾನೆ ಭದ್ರಾವತಿಯಲ್ಲಿ ಶುರುವಾಯಿತು. ವಿಶ್ವೇಶ್ವರಯ್ಯನವರ ಹೆಸರಿನ ಕಾರ್ಖಾನೆ ಅಂತ ನಮಗೆಲ್ಲ ಗೊತ್ತಿರುವ ಅದರ ಮೊದಲ ಹೆಸರು ‘ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್’. ಹೆಸರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಕಟ್ಟಿಗೆಯ ಭಟ್ಟಿ ಬರುತ್ತದೆ ನೋಡಿ. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಇದ್ದಿಲಿನ ಖರ್ಚನ್ನು ಮೆಥನಾಲು, ಅಸಿಟೇಟು ಮಾರಿ ಹಗುರ ಮಾಡಿಕೊಳ್ಳುವ ಲೆಕ್ಕಾಚಾರ ಅದು. ಆದರೆ ಅದೇ 1923ರಲ್ಲಿ ಜರ್ಮನಿಯ ಲ್ಯೂನಾದಲ್ಲಿ ಬಿಎಎಸ್‌ಎಫ್ ಕಂಪನಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್‌ಗಳನ್ನು ಕೂಡಿಸಿ ಮೆಥನಾಲ್ ತಯಾರಿಸತೊಡಗಿತು. ಕಟ್ಟಿಗೆಯೂ ಬೇಡ, ಕಾಡೂ ಬೇಡ. ಮರದ ಸ್ಪಿರಿಟ್ಟಿನ ದಂಧೆ ಜಗತ್ತಿನೆಲ್ಲೆಡೆ ಸೊರಗಿತು. ಭದ್ರಾವತಿಯ ಟೈಮಿಂಗ್ ಸ್ಟಾರ್ಟಪ್‌ನವರಿಗೂ ಕನಿಕರ ಬರುವಂಥದ್ದು.

ಕಟ್ಟಿಗೆಯಿಂದ ಬಂದ ಹಸಿ ಸ್ಪಿರಿಟ್ಟು ವಿಪರೀತ ನಾರುತ್ತದೆ. ಆ ನಾತವೇ ಬಹುಕಾಲ ಅದರ ಲೇಬಲ್ಲು. 1855ರಲ್ಲಿ ಬ್ರಿಟಿಷ್ ಸರ್ಕಾರ ಇದನ್ನೇ ಉಪಯೋಗಿಸಿಕೊಂಡಿತು. ಕುಡಿಯುವ ಆಲ್ಕೋಹಾಲಿಗೆ ಭಾರೀ ಸುಂಕ, ವಾರ್ನಿಷ್ ಮಾಡುವವನಿಗೆ ಅಷ್ಟು ದುಡ್ಡು ಕೊಡೋಕಾಗಲ್ಲ. ಅದಕ್ಕೆ ಮರದ ಸ್ಪಿರಿಟ್ಟು ಬೆರೆಸಿ ಕುಡಿಯಲಾಗದಂತೆ ಮಾಡಿ ಸುಂಕವಿಲ್ಲದೆ ಮಾರಿದರು. ಮಿಥಿಲೇಟೆಡ್ ಸ್ಪಿರಿಟ್ ಹುಟ್ಟಿದ್ದು ಹೀಗೆ. ತೆರಿಗೆ ಕಾಯೋಕೆ ವಿಷದ ಬೇಲಿ. ಆಮೇಲೆ ಅಮೆರಿಕದಲ್ಲಿ ಮರದ ಸ್ಪಿರಿಟ್ಟನ್ನು ಚೆನ್ನಾಗಿ ಶುದ್ಧಮಾಡಿ, ವಾಸನೆ ತೆಗೆದು, ‘ಕೊಲಂಬಿಯನ್ ಸ್ಪಿರಿಟ್ಸ್’ ಅಂತ ಚಂದದ ಹೆಸರಿಟ್ಟು ಮಾರಿದರು. ನಾತ ಹೋಯ್ತು, ವಿಷ ಉಳೀತು. 1904ರಲ್ಲಿ ಬುಲರ್ ಮತ್ತು ವುಡ್ ಎಂಬ ಇಬ್ಬರು ಕಣ್ಣಿನ ವೈದ್ಯರು ಕುರುಡರಾದವರ, ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಕೂಡಿಸಿ ಅಮೆರಿಕದ ವೈದ್ಯರ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಆದರೂ ಎಷ್ಟೋ ಜನ ನಂಬಲಿಲ್ಲ. ಅಶುದ್ಧ ಮಾಲಿನಿಂದ ಆಗಿರಬೇಕು, ಶುದ್ಧ ಮೆಥನಾಲಿಗೆ ದೋಷವಿಲ್ಲ ಅನ್ನೋ ವಾದ ದಶಕಗಟ್ಟಲೆ ನಡೆಯಿತು.

ಯಾಕೆ ನಂಬಲಿಲ್ಲ ಅಂದರೆ, ಇಲಿ ಸಾಯುತ್ತಿರಲಿಲ್ಲ.

1927ರಲ್ಲಿ ಟ್ರೆವನ್ ಎಂಬ ಬ್ರಿಟಿಷ್ ವಿಜ್ಞಾನಿ ಔಷಧಿಗಳ ತೀವ್ರತೆ ಅಳೆಯಲು ಒಂದು ಮಾಪನ ಕೊಟ್ಟ: ಪರೀಕ್ಷೆಗೆ ಇಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ. ಇದೇ ಎಲ್‌ಡಿ50. ವಿಷಕ್ಕೂ ಒಂದು ಥರ್ಮಾಮೀಟರ್ ಸಿಕ್ಕಂತಾಯ್ತು. ಇವತ್ತಿಗೂ ವರ್ಗೀಕರಣದ ಕೋಷ್ಟಕಗಳು ಇದರ ಮೇಲೇ ನಿಂತಿವೆ. ಭೋಪಾಲ್ ದುರಂತದ ನಂತರ ಭಾರತ ಸರ್ಕಾರ 1989ರಲ್ಲಿ ತಂದ ಅಪಾಯಕಾರಿ ರಾಸಾಯನಿಕ ನಿಯಮಗಳಲ್ಲೂ ವಿಷದ ದರ್ಜೆಗೆ ಎಲ್‌ಡಿ50ಯ ಅಂಕಿಗಳೇ ಗೆರೆ. ಬಾಯಿಯ ಮೂಲಕ ಇಲಿಗೆ ಕೊಟ್ಟಾಗ ಮೆಥನಾಲಿನ ಎಲ್‌ಡಿ50 ಕಿಲೋ ತೂಕಕ್ಕೆ 5,000 ಮಿಲಿಗ್ರಾಂ ದಾಟುತ್ತದೆ, 5,628 ಅಂತ ಹಾಳೆಗಳಲ್ಲಿ ಬರೆದಿರ್ತಾರೆ. ಜಾಗತಿಕ ಕೋಷ್ಟಕದ ಕೊನೆಯ, ಐದನೇ ದರ್ಜೆ 5,000ಕ್ಕೆ ಮುಗಿಯುತ್ತದೆ. ಅಂದರೆ ಇಲಿಯ ಲೆಕ್ಕದಲ್ಲಿ ಮೆಥನಾಲಿಗೆ ವಿಷದ ದರ್ಜೆಯೇ ಇಲ್ಲ! ಅದೇ ಸಂಖ್ಯೆಯನ್ನು 60 ಕಿಲೋ ಮನುಷ್ಯನಿಗೆ ಗುಣಿಸಿದರೆ ಸುಮಾರು 425 ಮಿಲಿ ಬರುತ್ತದೆ. ನಿಜದಲ್ಲಿ 10 ಮಿಲಿ ಕುಡಿದು ಕಣ್ಣು ಕಳಕೊಂಡವರಿದ್ದಾರೆ, 30 ಮಿಲಿಗೆ ಸತ್ತವರಿದ್ದಾರೆ.

ಈ ಅಂತರಕ್ಕೆ ಕಾರಣ ಮೆಥನಾಲ್ ಅಲ್ಲ, ಅದು ದೇಹದೊಳಗೆ ಆಗಿ ಬದಲಾಗುವ ಫಾರ್ಮಿಕ್ ಆಮ್ಲ, ಕೆಂಪಿರುವೆಯಲ್ಲಿ ಇರೋದೂ ಇದೇ. ಇಲಿಯ ಪಿತ್ತಜನಕಾಂಗ ಅದನ್ನು ಬೇಗ ಕರಗಿಸಿ ಹಾಕುತ್ತದೆ, ಮನುಷ್ಯನದು ನಿಧಾನ. ಆಮ್ಲ ರಕ್ತದಲ್ಲಿ ಕೂಡುತ್ತಾ ಕಣ್ಣಿನ ನರಕ್ಕೆ ಹೊಡೆಯುತ್ತದೆ. ಅದೂ ತಕ್ಷಣ ಅಲ್ಲ, ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ. ರಾತ್ರಿ ಕುಡಿದು ಆರಾಮಾಗಿ ಮಲಗಿದವನು ಮರುದಿನ ಕಣ್ಣು ಮಂಜು ಅಂತಾನೆ. ಅಮೆರಿಕದ ಐಯೋವಾದಲ್ಲಿ ಟೆಫ್ಲಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಕೋತಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು.

ಆ ಹೊತ್ತಿಗೆ ಇಲ್ಲಿ ಏನಾಗುತ್ತಿತ್ತು? 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಅಗ್ಗದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ನಾವೀಗ ಕೂತು ಕೋಡ್ ಬರೆಯುವ ಊರಿದು. ನಮ್ಮ ಆಫೀಸಿನಲ್ಲಿ ಈ ಸುದ್ದಿ ಕೇಳಿದವರು ನನಗೆ ಒಬ್ಬರೂ ಸಿಗಲಿಲ್ಲ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆ ಕೃಷ್ಣಗಿರಿಯ ಕಡೆ ಕಳ್ಳಭಟ್ಟಿಗೆ ಮತ್ತೆ 150ಕ್ಕೂ ಹೆಚ್ಚು ಜನ ಹೋದರು. ಬಹುಪಾಲು ಕೂಲಿಯವರು.

1992ರ ರಿಯೋ ಶೃಂಗಸಭೆಯಲ್ಲಿ ಬೇಡಿಕೆ ಎದ್ದು, 2003ರಲ್ಲಿ ವಿಶ್ವಸಂಸ್ಥೆ ಪ್ರಕಟಿಸಿದ ಜಾಗತಿಕ ವರ್ಗೀಕರಣ ಪದ್ಧತಿಯಲ್ಲಿ ಒಂದು ಮಾತು ಬರೆದಿದೆ: ಪ್ರಾಣಿ ಪ್ರಯೋಗದ ಜೊತೆಗೆ ಮನುಷ್ಯರಲ್ಲಿ ಕಂಡ ಪುರಾವೆಯನ್ನೂ ತೂಗಿ ನೋಡಬೇಕು. ಆ ಬಾಗಿಲಿನಿಂದಲೇ ಯುರೋಪಿನ ಪಟ್ಟಿಯಲ್ಲಿ ಮೆಥನಾಲ್ ಮೂರನೇ ದರ್ಜೆಯ ವಿಷ, ಮೇಲೆ ಕಣ್ಣಿಗೆ ಹಾನಿ ಎಂಬ ಬೇರೆ ಗುರುತು. ನಮ್ಮ ಡೇಟಾಬೇಸಿನಲ್ಲಿ ಬಾಕಿ ಸಾಲುಗಳಿಗೆ ಇಲಿ, ಮೊಲ ಅಂತ ಆಧಾರ ಕೊಟ್ಟಿದ್ದಾರೆ. ಈ ಸಾಲಿನಲ್ಲಿ ಮಾತ್ರ ಆಧಾರ: ಮನುಷ್ಯ.

ಇನ್ನು ಗಿಣಿಗೇರಾ. 1990ರ ದಶಕದ ಕೊನೆಯಲ್ಲಿ ಮುಕುಂದ್ ಮತ್ತು ಕಲ್ಯಾಣಿ ಕಂಪನಿಗಳು ಸೇರಿ ಕಟ್ಟಿದ ಹೊಸಪೇಟೆ ಸ್ಟೀಲ್ಸ್ ಇಲ್ಲಿದೆ. ಕುಲುಮೆ ಭದ್ರಾವತಿಯದ್ದೇ ಜಾತಿ, ಇದ್ದಿಲಿನ ಬದಲು ಕೋಕ್ ಅಷ್ಟೇ. ಇಂಥ ಕುಲುಮೆಯ ಮೇಲಿಂದ ಹೊರಬರುವ ಅನಿಲದಲ್ಲಿ ಐದನೇ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಕಾರ್ಬನ್ ಮಾನಾಕ್ಸೈಡ್. ಲ್ಯೂನಾದವರು ಮೆಥನಾಲ್ ಮಾಡಿದ ಅದೇ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಇದಕ್ಕೂ ಎರಡು ಚೌಕ. ಇಲ್ಲಿ ಪ್ರಾಣಿಯ ಲೆಕ್ಕ ತಿರುವುಮುರುವು. ಜಾನ್ ಸ್ಕಾಟ್ ಹಾಲ್ಡೇನ್ 1895ರಲ್ಲಿ ತಾನೇ ಈ ಅನಿಲ ಸೇವಿಸಿ, ತಲೆ ತಿರುಗುವುದರಿಂದ ಹಿಡಿದು ಕಾಲು ಸೋಲುವ ತನಕ ತನ್ನ ದೇಹದಲ್ಲಿ ಆದದ್ದನ್ನು ಬರೆದಿಟ್ಟ. ಮನುಷ್ಯನಿಗಿಂತ ಎಷ್ಟೋ ಮುಂಚೆ ಸಣ್ಣ ಇಲಿ ಕೆಳಗೆ ಬೀಳುವುದನ್ನು ಕಂಡು, ಗಣಿಗೆ ಇಳಿಯುವಾಗ ಜೊತೆಗೆ ಒಯ್ಯಿರಿ ಅಂದ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳು ಈ ಕೆಲಸ ಮಾಡಿ 1986ರಲ್ಲಿ ನಿವೃತ್ತಿಯಾದವು.

ಗಾಳಿಯಲ್ಲಿ ಈ ಅನಿಲ ಹೊತ್ತಿಕೊಳ್ಳಬೇಕಾದರೆ ಕನಿಷ್ಠ 12.5 ಶೇಕಡ ಇರಬೇಕು, ಅಂದರೆ ಹತ್ತು ಲಕ್ಷದಲ್ಲಿ 1,25,000 ಪಾಲು. ಭೋಪಾಲಿನ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿಸಿದ ಪಟ್ಟಿ ಎಂಟು ತಾಸಿನ ಪಾಳಿಗೆ ಒಪ್ಪಿದ್ದು ಹತ್ತು ಲಕ್ಷದಲ್ಲಿ 50 ಪಾಲು. ಎರಡು ಗೆರೆಗಳ ನಡುವೆ 2,500 ಪಟ್ಟು. ಕುಲುಮೆಯ ಹತ್ತಿರ ಹೋಗುವವರು ಎದೆಗೆ ಸಿಕ್ಕಿಸಿಕೊಳ್ಳುವ ಅಂಗೈಯಗಲದ ಮೀಟರು ಕಾಯುವುದು ಕೆಳಗಿನ ಗೆರೆಯನ್ನು.