ತಲಿಹೊಟ್ಟಿನ 110 ವರ್ಷದ ಜಗಳ

ನಮ್ಮ ಆರ್.ಎಚ್. ಕ್ಯಾಂಪಿನ್ಯಾಗ ಪೂರ್ವ ಬಂಗಾಳದಿಂದ ಬಂದ ಮನಿಯವರು ತಲಿಗೆ ಸಾಸಿವಿ ಎಣ್ಣಿ ಹಚ್ಚತಾರ, ನಾವು ಕೊಬ್ಬರಿ ಎಣ್ಣಿ. ಎಣ್ಣಿ ಬ್ಯಾರೆ ಆದ್ರೂ ಮಾತು ಒಂದ: ಹೊಟ್ಟು ಬಂತಂದ್ರ ಎಣ್ಣಿ ಸಾಲವಲ್ದು, ಇಲ್ಲಾ ಹುಡುಗಿ ತಲಿ ಹೊಲಸು ಇಟಗೊಂಡಾಳ. ಬೈಗುಳ ಯಾವಾಗ್ಲೂ ಹುಡುಗಿಗೇ.

ಡಾಕ್ಟರುಗಳೂ ಇದರ ಮ್ಯಾಲ ಭಾಳ ವರ್ಷ ಜಗಳಾಡ್ಯಾರ್ರಿ. 1874ರಾಗ ಫ್ರಾನ್ಸಿನ ಮಲಾಸೆ ಅನ್ನೋರು ಹೊಟ್ಟನ್ನ ಸೂಕ್ಷ್ಮದರ್ಶಕದಾಗ ನೋಡಿದ್ರ, ಬೂಷ್ಟಿನ ಜಾತಿದು ಸಣ್ಣ ಸಣ್ಣ ಕಣ ಕಂಡ್ವು. ಮುಂದ ಅದಕ್ಕ ಅವರ ಹೆಸರ ಇಟ್ರು, ಮಲಾಸೇಜಿಯಾ ಅಂತ. ಆದ್ರ ಅದು ಹೊಟ್ಟು ಇಲ್ಲದವರ ತಲಿಮ್ಯಾಗೂ ಇರತೈತಿ. ಹಂಗಾಗಿ ಬೂಷ್ಟಿಂದೇನೂ ತಪ್ಪಿಲ್ಲ, ಚರ್ಮ ಲಗೂನ ಬೆಳದು ಉದುರೋದ ಮೂಲ ಅಂತ ಭಾಳ ಮಂದಿ ವಾದ ಮಾಡಿದ್ರು. 1984ರಾಗ ಬ್ರಿಟನ್ನಿನ ಚರ್ಮದ ಡಾಕ್ಟರು ಸ್ಯಾಮ್ ಶುಸ್ಟರ್ ವಾದ ತಿರುಗಿಸಿದ್ರು: ಬೂಷ್ಟು ಸಾಯೋ ಔಷಧಕ್ಕ ಹೊಟ್ಟು ಇಳಿತೈತಿ, ಅಂದಮ್ಯಾಲ ಕಾರಣ ಅದ.

2007ರಾಗ ಅದರ ಜೀನೋಮ್ ಓದಿದ್ರು. ತನಗ ಬೇಕಾದ ಕೊಬ್ಬು ತಾನ ಮಾಡಿಕೊಳ್ಳೋ ಶಕ್ತಿ ಅದಕ್ಕಿಲ್ಲಂತ, ನಮ್ಮ ನೆತ್ತಿ ಜಿಡ್ಡ ಅದರ ಊಟ. ತಿಂದು ಬಿಟ್ಟ ಆಮ್ಲ ಕೆಲವರ ಚರ್ಮಕ್ಕ ಆಗಿಬರಂಗಿಲ್ಲ, ಹೊಟ್ಟು ಅವರಿಗೇ. ಹೊಲಸಿಂದ ಬರೋದಲ್ಲ ಅದು.

ಹೊಟ್ಟಿದ್ದಾಗ ರಾತ್ರೆಲ್ಲಾ ನೆತ್ತಿಗೆ ಎಣ್ಣಿ ಬಿಟ್ರ ಬೂಷ್ಟಿಗೆ ಎಡಿ ಹಿಡದಂಗ, ಸಾಸಿವಿನೋ ಕೊಬ್ಬರಿನೋ! ಎಣ್ಣಿ ಬೇಕ ಅಂದ್ರ ಕೂದಲ ತುದಿಗೆ ಹಚ್ರಿ. ಕೆಟೊಕೊನಜೋಲ್ ಇರೋ ಶಾಂಪೂ ವಾರಕ್ಕ 2 ಸಲ ಹಚ್ಚಿ, 3–5 ನಿಮಿಷ ಬಿಟ್ಟು ತೊಳೀರಿ. 4 ವಾರದಾಗ ಇಳೀಲಿಲ್ಲಂದ್ರ ಸಿಂಧನೂರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಸ್ರಿ.