ಅಂಗಡಿ ವೆಬ್‌ಸೈಟ್‌ನಿಂದಲೇ ಬಿಲ್ ಮೇಲ್ ಮಾಡೋದು ಹೇಗೆ?

ಶಿಡ್ಲಘಟ್ಟದ ರೇಷ್ಮೆ ನೂಲಿನ ವ್ಯಾಪಾರಿಗಳಿರಲಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಯ ಅಂಗಡಿಯವರಿರಲಿ, ಸ್ವಂತ ವೆಬ್‌ಸೈಟ್ ಇದ್ದರೆ ಅದರ ಅಡ್ಮಿನ್ ಪ್ಯಾನೆಲ್‌ನಿಂದಲೇ ಗ್ರಾಹಕರಿಗೆ ಬಿಲ್ ಮೇಲ್ ಮಾಡಬಹುದು.

ಜಿಮೇಲ್ ಆದರೆ: ಸರ್ವರ್ ‘ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್’, ಪೋರ್ಟ್ 587. ಮಾಮೂಲಿ ಪಾಸ್‌ವರ್ಡ್ ಇಲ್ಲಿ ನಡೆಯಲ್ಲ. ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಉಚಿತ ಖಾತೆಯಿಂದ ದಿನಕ್ಕೆ ಸುಮಾರು 500 ಜನಕ್ಕಷ್ಟೇ ಕಳಿಸಬಹುದು.

ಸ್ವಂತ ಡೊಮೈನ್ ಆದರೆ: ಮೇಲ್ ನಿಮ್ಮದೇ ಅಂತ ಖಾತ್ರಿಪಡಿಸುವ ಎಸ್‌ಪಿಎಫ್ ಅಥವಾ ಡಿಕೆಐಎಂ ದಾಖಲೆಯನ್ನು ಡಿಎನ್‌ಎಸ್‌ನಲ್ಲಿ ಹಾಕಿಸಿ; ಎರಡೂ ಇದ್ದರೆ ಒಳ್ಳೇದು. 2024ರ ಫೆಬ್ರವರಿಯಿಂದ ಜಿಮೇಲ್ ಇದನ್ನು ಕಡ್ಡಾಯ ಮಾಡಿದೆ. ಇಲ್ಲದಿದ್ದರೆ ಪ್ಯಾನೆಲ್‌ನಲ್ಲಿ ‘ಸೆಂಟ್’ ಅಂತ ತೋರಿಸಿದರೂ ಬಿಲ್ ಸ್ಪ್ಯಾಮ್ ಸೇರಬಹುದು. ಗ್ರಾಹಕರು ನೋಡಲ್ಲ, ಬಾಕಿ ಹಾಗೇ ಉಳಿಯುತ್ತೆ.

ಮೊದಲು ನಿಮ್ಮದೇ ಇನ್ನೊಂದು ವಿಳಾಸಕ್ಕೆ ಕಳಿಸಿ ನೋಡಿ. ಆ್ಯಪ್ ಪಾಸ್‌ವರ್ಡನ್ನು ಯಾರಿಗೂ ವಾಟ್ಸ್‌ಆ್ಯಪ್ ಮಾಡಬೇಡಿ.