ಕಾರ್ಬೆಟ್‌ನ ಕೋವಿ ಮತ್ತು ಒಂದು ಚಿಲಕದ ಚರಿತ್ರೆ

ತೇಜಸ್ವಿಯವರ ಕನ್ನಡದಲ್ಲಿ ರುದ್ರಪ್ರಯಾಗದ ನರಭಕ್ಷಕನ ಕಥೆಯನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ. ಚಿರತೆ ನೆನಪಿರುತ್ತದೆ, ಜಿಮ್ ಕಾರ್ಬೆಟ್ ನೆನಪಿರುತ್ತಾನೆ. ಅವನ ಕೈಯಲ್ಲಿದ್ದ ಕೋವಿ ಯಾವುದು ಅಂತ ಎಂದಾದರೂ ಯೋಚಿಸಿದ್ದೀರಾ?

ಅದು ಬೋಲ್ಟ್ ಆಕ್ಷನ್ ಕೋವಿ. ಬೋಲ್ಟ್ ಅಂದರೆ ನಮ್ಮ ಬಾಗಿಲಿನ ಚಿಲಕದಂಥದ್ದೇ. ಹಿಡಿಯನ್ನು ಎತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿ ಇಳಿಸಿದರೆ ಹೊಸ ತೋಟಾ ಒಳಸೇರಿ ಬಾಗಿಲು ಭದ್ರವಾಗುತ್ತದೆ. ಈ ಚಿಲಕಕ್ಕೆ ಗಟ್ಟಿ ರೂಪ ಕೊಟ್ಟವನು ಜರ್ಮನಿಯ ಓಬರ್ನ್‌ಡಾರ್ಫಿನ ಪೌಲ್ ಮೌಸರ್. ಅವನು ಮಾಡಿದ್ದು ಸೈನ್ಯಕ್ಕಾಗಿ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಬೋಯರರು ಬ್ರಿಟಿಷರ ಮೇಲೆ ಗುಂಡು ಹಾರಿಸಿದ್ದು ಇದೇ 7 ಮಿ.ಮೀ. ಮೌಸರ್‌ನಿಂದ. ತಮಾಷೆ ನೋಡಿ, ಅದೇ ತೋಟಾಕ್ಕೆ .275 ಅನ್ನೋ ಇಂಗ್ಲಿಷ್ ಹೆಸರಿಟ್ಟು, ಅದೇ ಮೌಸರ್ ಚಿಲಕ ಜೋಡಿಸಿ, ಲಂಡನ್ನಿನ ರಿಗ್ಬಿ ಕಂಪನಿ ಬೇಟೆ ಕೋವಿ ಮಾಡಿ ಮಾರಿತು.

1907ರಲ್ಲಿ ಚಂಪಾವತ್ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ ಕಾರ್ಬೆಟ್‌ಗೆ ಇನಾಮಾಗಿ ಬಂದದ್ದು ಇಂಥದ್ದೊಂದು ಕೋವಿ. ಆ ಹುಲಿ 436 ಜನರನ್ನು ಬಲಿ ತೆಗೆದುಕೊಂಡಿತ್ತು. ಅವನ ಹತ್ತಿರ ಭಾರಿ ಜೋಡಿ ನಳಿಗೆಯ ಕೋವಿಯೂ ಇತ್ತು. ಆದರೆ ಗಢವಾಲದ ಬೆಟ್ಟಗಳಲ್ಲಿ ಹಗಲಿಡೀ ಹತ್ತಿಳಿಯೋ ಮನುಷ್ಯನಿಗೆ ಹಗುರಾದ, ಗುರಿ ತಪ್ಪದ ಕೋವಿ ಬೇಕು. 1926ರಲ್ಲಿ, 125 ಜನರನ್ನು ಕೊಂದಿದ್ದ ರುದ್ರಪ್ರಯಾಗದ ಚಿರತೆಯನ್ನು ಉರುಳಿಸಿದ್ದು ಈ .275.

ಹಾಗಾದರೆ ಬೇಟೆಗಾರರು ಕೋವಿ ಹೇಗೆ ಆರಿಸುತ್ತಿದ್ದರು? ತೋಟಾ ಇಲ್ಲದ ಕೋವಿಯನ್ನು ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ, ಕಣ್ಣು ಬಿಟ್ಟಾಗ ಗುರಿಕಡ್ಡಿ ನೇರ ಕಾಣುತ್ತದಾ ಅಂತ ನೋಡುವುದು. ಹೆಗಲಿನಿಂದ ಇಳಿಸದೆಯೇ ಚಿಲಕ ಎಳೆದು ತಳ್ಳಲು ಬರುತ್ತದಾ ಅಂತ ನೋಡುವುದು. ಗಾಯಗೊಂಡ ಪ್ರಾಣಿ ಮೈಮೇಲೆ ಬರುವಾಗ ಚಿಲಕ ಸಿಕ್ಕಿಕೊಂಡರೆ ಎರಡನೇ ಗುಂಡಿಗೆ ಅವಕಾಶವೇ ಇಲ್ಲ.

ಅದಕ್ಕೇ ಕುಶಲಕರ್ಮಿಗಳು ಚಿಲಕ ಜಾರುವ ದಾರಿಯನ್ನು ನುಣುಪು ಸಾಣೆಕಲ್ಲು, ಎಣ್ಣೆ ಹಾಕಿ ತಾಳ್ಮೆಯಿಂದ ತಿಕ್ಕುತ್ತಿದ್ದರು. ಆದರೆ ಗುಂಡಿನ ಒತ್ತಡವನ್ನೆಲ್ಲ ತಡೆಯುವ ಬೀಗದ ಹಲ್ಲುಗಳನ್ನು ಮನಬಂದಂತೆ ಮುಟ್ಟುವ ಹಾಗಿಲ್ಲ. ಹಳೇ ಮೌಸರ್‌ಗಳಲ್ಲಿ ಉಕ್ಕಿನ ಮೇಲ್ಪದರ ಮಾತ್ರ ಗಡಸು. ಅದು ಸವೆದರೆ ಒಳಗಿನದ್ದು ಮೆದು.

ಗಡಸು ಮಾಡುವಾಗ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ 1903 ಸಾಕ್ಷಿ. ಕಾರ್ಖಾನೆಯಲ್ಲಿ ಕಾದ ಉಕ್ಕಿನ ಬಣ್ಣವನ್ನು ಕಣ್ಣಳತೆಯಲ್ಲೇ ನೋಡಿ ಹದ ಹೇಳುತ್ತಿದ್ದರು. ಮೋಡ ಕವಿದ ದಿನ ಒಂದು ಬಣ್ಣ, ಬಿಸಿಲಿದ್ದ ದಿನ ಇನ್ನೊಂದು! ಅತಿಯಾಗಿ ಕಾದ ಉಕ್ಕು ಪೆಡಸಾಗಿ, ಕೆಲವು ಕೋವಿಗಳು ಹಾರಿಸಿದವನ ಕೈಯಲ್ಲೇ ಒಡೆದವು. ಆಮೇಲಷ್ಟೇ ಶಾಖ ಅಳೆಯಲು ಉಪಕರಣ ಬಂತು.

ಕಾರ್ಬೆಟ್ 1947ರಲ್ಲಿ ಕೀನ್ಯಾಕ್ಕೆ ಹೋದ, 1955ರಲ್ಲಿ ತೀರಿಕೊಂಡ. ಕೋವಿ ಅವನ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಬಳಿ ಉಳಿಯಿತು. 2015ರಲ್ಲಿ ರಿಗ್ಬಿ ಕಂಪನಿಯೇ ಅದನ್ನು ಕೊಂಡುಕೊಂಡಿತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಬಾಗಿಲು ಮುಚ್ಚಿತು. ಸೈನಿಕರಿಗಾಗಿ ಹುಟ್ಟಿ, ಬೆಟ್ಟದ ಹಳ್ಳಿಗರ ಜೀವ ಉಳಿಸಿದ ಆ ಚಿಲಕ ಈಗ ನೋಡಿ ತಿಳಿಯಬೇಕಾದ ಚರಿತ್ರೆ. ಮುಂದಿನ ಸಲ ಆ ಪುಸ್ತಕ ಕೈಗೆತ್ತಿಕೊಂಡಾಗ, ಅದನ್ನು ತಾಳ್ಮೆಯಿಂದ ತಿಕ್ಕಿದ ಹೆಸರಿಲ್ಲದ ಕೈಗಳನ್ನೂ ಒಮ್ಮೆ ನೆನೆಯಿರಿ.